ವೆಟ್ಟಾ, ಡ್ರೈಯಾ? ವ್ಯಾಕ್ಯೂಮ್ ಕ್ಲೀನರ್‌ಗೆ ದುಡ್ಡು ಹಾಕೋ ಮುಂಚೆ ನಿಮ್ಮ ನೆಲ ನೋಡ್ಕೊಳ್ಳಿ

ಗಂಗಾನಗರ: ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಮೊದಲ ಕೆಲಸ ಧೂಳು ಹೊಡೆಯೋದು. ಒಂದು ಕಡೆ ಬಳ್ಳಾರಿ ರಸ್ತೆಯ ವಾಹನ, ಇನ್ನೊಂದು ಕಡೆ ಹೆಬ್ಬಾಳದ ಸುತ್ತ ನಡೆಯುತ್ತಿರುವ ಮೆಟ್ರೋ ಕಾಮಗಾರಿ. ಗುಡಿಸಿದ ಅರ್ಧ ಗಂಟೆಗೆ ಮತ್ತೆ ಗಾಜಿನ ಕೌಂಟರ್ ಮೇಲೆ ಬೆರಳಲ್ಲಿ ಹೆಸರು ಬರೆಯೋ ಹಾಗಾಗಿರುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಬಂತು ಅಂದ್ರೆ ಕಥೆ ಉಲ್ಟಾ. ಸಂಜೆ ಒಂದು ಜೋರು ಮಳೆ ಬಂದ್ರೆ ಸಾಕು, ರಸ್ತೆಗಿಂತ ತಗ್ಗಿನಲ್ಲಿರೋ ಅಂಗಡಿಗಳಿಗೆ, ನೆಲಮಹಡಿ ಮನೆಗಳಿಗೆ ನೀರು ನುಗ್ಗುತ್ತೆ.

ಹೀಗಾಗಿ ಸಿಬಿಐ ರಸ್ತೆ, ಆರ್.ಟಿ. ನಗರದ ಕಡೆ ವ್ಯಾಕ್ಯೂಮ್ ಕ್ಲೀನರ್ ವಿಚಾರಿಸಲು ಹೋಗುವವರ ಮುಂದೆ ಇರೋ ಪ್ರಶ್ನೆ ಒಂದೇ: ಬರೀ ಡ್ರೈ ಸಾಕಾ, ಇಲ್ಲ ವೆಟ್ ಅಂಡ್ ಡ್ರೈ ಬೇಕಾ? "ಎರಡೂ ಕೆಲಸ ಮಾಡುತ್ತೆ, ಇದನ್ನೇ ತಗೊಳ್ಳಿ" ಅನ್ನೋದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಉತ್ತರ. ಎಲ್ಲರಿಗೂ ಅದು ಸರಿಯಾದ ಉತ್ತರ ಅಲ್ಲ. ಸಣ್ಣ ಅಂಗಡಿಯವರಿಗೆ ಐದಾರು ಸಾವಿರ ರೂಪಾಯಿ ಕಡಿಮೆ ದುಡ್ಡಲ್ಲ. ತಪ್ಪು ಮಷೀನ್‌ನಲ್ಲಿ ನೀರು ಎಳೆದ್ರೆ ದುಡ್ಡಿನ ಜೊತೆ ಜೀವಕ್ಕೂ ಅಪಾಯ ಇದೆ. ಕೊಳ್ಳುವ ಮುಂಚೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ವ್ಯತ್ಯಾಸ ಇರೋದು ಮೋಟಾರ್‌ನಲ್ಲಿ

ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ. ಒಂದು ಡಬ್ಬ, ಒಂದು ಪೈಪ್, ತುದಿಗೆ ಬ್ರಷ್. ವ್ಯತ್ಯಾಸ ಇರೋದು ಒಳಗೆ.

ಮೋಟಾರ್ ತಿರುಗುವಾಗ ಬಿಸಿಯಾಗುತ್ತೆ, ಅದನ್ನು ತಣ್ಣಗಿಡಲು ಗಾಳಿ ಬೇಕು. ಮನೆಗೆ ಬಳಸೋ ಸಾಮಾನ್ಯ ಡ್ರೈ ಮಷೀನ್‌ನಲ್ಲಿ, ನೆಲದಿಂದ ಎಳೆದ ಗಾಳಿಯೇ ಬ್ಯಾಗ್ ಮತ್ತು ಫಿಲ್ಟರ್ ದಾಟಿ ಮೋಟಾರ್ ಮೇಲೆ ಹಾದು ಹಿಂದಿನಿಂದ ಹೊರಗೆ ಹೋಗುತ್ತೆ. ಧೂಳು ಫಿಲ್ಟರ್‌ನಲ್ಲೇ ನಿಲ್ಲೋದರಿಂದ ಮೋಟಾರ್‌ಗೆ ತೊಂದರೆ ಇಲ್ಲ. ಆದರೆ ನೀರನ್ನು ಆ ಫಿಲ್ಟರ್ ತಡೆಯಲ್ಲ. ಒಂದು ಲೋಟ ನೀರು ಎಳೆದ್ರೂ ಕಾಗದದ ಬ್ಯಾಗ್ ನೆಂದು ಹರಿದುಹೋಗುತ್ತೆ, ಹನಿಗಳು ನೇರವಾಗಿ ಓಡುತ್ತಿರೋ ಮೋಟಾರ್‌ಗೆ ಹೊಡೆಯುತ್ತೆ. ಮೋಟಾರ್ ಸುಡಬಹುದು, ಮೈಗೆ ಕರೆಂಟ್ ಬರಬಹುದು.

ವೆಟ್ ಅಂಡ್ ಡ್ರೈ ಮಷೀನ್‌ನಲ್ಲಿ ದಾರಿ ಬೇರೆ ಬೇರೆ. ಕಸ, ನೀರು ಎಳೆಯೋ ಗಾಳಿ ಒಂದು ದಾರಿಯಲ್ಲಿ ಬಂದು ಹೋಗುತ್ತೆ. ಮೋಟಾರ್ ತಣ್ಣಗಾಗಲು ಬೇರೆ ಫ್ಯಾನ್, ಬೇರೆ ಗಾಳಿ ಇರುತ್ತೆ. ನೀರು ಡ್ರಮ್‌ನ ತಳಕ್ಕೆ ಬೀಳುತ್ತೆ, ಮೋಟಾರ್ ಮೇಲೆ ಮುಚ್ಚಳದಲ್ಲಿ ಕೂತಿರುತ್ತೆ. ಜೊತೆಗೆ ಒಂದು ಫ್ಲೋಟ್ ಇರುತ್ತೆ. ಮನೆ ಮೇಲಿನ ಟ್ಯಾಂಕ್ ತುಂಬಿದಾಗ ಬಾಲ್ ಮೇಲೆದ್ದು ನೀರು ನಿಲ್ಲಿಸುತ್ತಲ್ಲ, ಅದೇ ರೀತಿ ಡ್ರಮ್ ತುಂಬಿದಾಗ ಈ ಫ್ಲೋಟ್ ಎದ್ದು ಎಳೆಯೋ ದಾರಿಯನ್ನು ಮುಚ್ಚುತ್ತೆ. ಆಗ ಮಷೀನ್ ಶಬ್ದ ತಟ್ಟನೆ ಬದಲಾಗಿ ಜೋರಾಗುತ್ತೆ, ನೀರು ಎಳೆಯೋದು ನಿಲ್ಲುತ್ತೆ. ಅನೇಕರು ಇದನ್ನು ಕೆಟ್ಟುಹೋಯ್ತು ಅಂದ್ಕೊಳ್ತಾರೆ. ಕೆಟ್ಟಿರಲ್ಲ, ಡ್ರಮ್ ತುಂಬಿರುತ್ತೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ನೀರು ಚೆಲ್ಲಿ ಮತ್ತೆ ಶುರು ಮಾಡಿದ್ರೆ ಆಯ್ತು.

ಒಂದು ಎಚ್ಚರಿಕೆ. ಸೋಪಿನ ನೊರೆ ತುಂಬಾ ಇರೋ ನೀರನ್ನು ಎಳೆದ್ರೆ, ನೀರಿನ ಮಟ್ಟ ಕೆಳಗೆ ಇದ್ದಾಗಲೇ ನೊರೆ ಮೇಲೇರಿ ಫ್ಲೋಟ್‌ಗೆ ಗೊತ್ತಾಗದಂತೆ ಮೋಟಾರ್ ಕಡೆ ಹೋಗಬಹುದು. ನೆಲ ತೊಳೆದು ಹೀರಿಸೋದಾದ್ರೆ ಸೋಪ್ ಪುಡಿ ಕಡಿಮೆ ಹಾಕಿ.

"ಎರಡೂ ಮಾಡುತ್ತೆ" ಅಂದ್ರೆ ಒಟ್ಟಿಗೆ ಅಲ್ಲ

ವೆಟ್ ಅಂಡ್ ಡ್ರೈ ಮಷೀನ್ ತಗೊಂಡವರು ಹೆಚ್ಚಾಗಿ ಮಾಡೋ ತಪ್ಪು ಫಿಲ್ಟರ್‌ದು. ಧೂಳು ಎಳೆಯುವಾಗ ಬ್ಯಾಗ್ ಅಥವಾ ಬಟ್ಟೆ/ಕಾಗದದ ಫಿಲ್ಟರ್ ಇರಬೇಕು. ನೀರು ಎಳೆಯುವಾಗ ಕಾಗದದ ಬ್ಯಾಗ್ ತೆಗೆದು, ಹೆಚ್ಚಿನ ಮಾಡೆಲ್‌ಗಳಲ್ಲಿ ಸ್ಪಂಜಿನ ಫಿಲ್ಟರ್ ಹಾಕಬೇಕು. ಕೆಲವು ಮಾಡೆಲ್‌ಗಳಲ್ಲಿ ಎರಡಕ್ಕೂ ಆಗೋ ಒಂದೇ ಫಿಲ್ಟರ್ ಕೊಟ್ಟಿರುತ್ತಾರೆ. ಯಾವುದು ಅಂತ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ಕೇಳಿ.

ಸ್ಪಂಜು ಹಾಕಿಕೊಂಡೇ ಸಿಮೆಂಟ್ ಧೂಳು ಎಳೆದ್ರೆ ಧೂಳು ಫಿಲ್ಟರ್ ದಾಟಿ ಹಿಂದಿನಿಂದ ಮತ್ತೆ ಅಂಗಡಿ ತುಂಬಾ ಹಾರುತ್ತೆ. ಒದ್ದೆ ಡ್ರಮ್‌ಗೆ ಧೂಳು ಎಳೆದ್ರೆ ಒಳಗೆ ಕೆಸರಾಗಿ ಗಟ್ಟಿಯಾಗುತ್ತೆ. ಮೊದಲು ಧೂಳು, ಆಮೇಲೆ ನೀರು, ಕೊನೆಗೆ ಡ್ರಮ್ ತೊಳೆದು ಒಣಗಿಸೋದು: ಈ ಕ್ರಮ ತಪ್ಪಬಾರದು.

ಇಷ್ಟು ಬದಲಾಯಿಸೋ ತಾಳ್ಮೆ ಇಲ್ಲ, ನೀರಿನ ಕೆಲಸ ವರ್ಷಕ್ಕೆ ಎರಡು ಸಲ ಬಂದ್ರೆ ಹೆಚ್ಚು ಅನ್ನೋವರಿಗೆ ಡ್ರೈ ಮಷೀನ್, ಒಂದು ಒಳ್ಳೆ ವೈಪರ್ ಸಾಕು. ಡ್ರೈ ಮಷೀನ್ ಹಗುರ, ಶಬ್ದ ಸಾಮಾನ್ಯವಾಗಿ ಕಡಿಮೆ, ಇಡೋಕೆ ಜಾಗವೂ ಕಡಿಮೆ. ಡ್ರಮ್ ಮಾಡೆಲನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸೋದು ವಯಸ್ಸಾದವರಿಗೆ ಕಷ್ಟ.

"ವೆಟ್" ಅಂತ ಬರೆದಿದ್ದೆಲ್ಲ ನೀರು ಹೀರಲ್ಲ

ಆನ್‌ಲೈನ್‌ನಲ್ಲಿ ಆರ್ಡರ್ ಮಾಡೋರು ಇದನ್ನು ಗಮನಿಸಬೇಕು. ನೆಲದ ಮೇಲೆ ತಾನೇ ಓಡಾಡೋ ರೋಬೋಟ್ ಮಷೀನ್‌ಗಳ ಮೇಲೂ "ವೆಟ್ ಅಂಡ್ ಡ್ರೈ" ಅಂತ ಬರೆದಿರುತ್ತಾರೆ. ಅಲ್ಲಿ "ವೆಟ್" ಅಂದ್ರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೆ ಅಂತ ಅರ್ಥ. ಚೆಲ್ಲಿದ ನೀರನ್ನು ಅದು ಹೀರಲ್ಲ. ನಿಂತ ನೀರಿನ ಮೇಲೆ ಓಡಿಸಿದ್ರೆ ಹಾಳಾಗುತ್ತೆ.

ನಿಂತುಕೊಂಡು ತಳ್ಳುವ ಫ್ಲೋರ್ ವಾಷರ್ ಇನ್ನೊಂದು ಬಗೆ. ಇದರಲ್ಲಿ ಒಳ್ಳೆ ನೀರಿಗೆ ಒಂದು ಟ್ಯಾಂಕ್, ಕೊಳೆ ನೀರಿಗೆ ಒಂದು ಟ್ಯಾಂಕ್ ಇರುತ್ತೆ. ಟೈಲ್ಸ್ ನೆಲದ ಮೇಲೆ ಚೆಲ್ಲಿದ ಕಾಫಿ, ಹಾಲು ಒರೆಸಿ ಎತ್ತೋಕೆ ಚೆನ್ನಾಗಿದೆ. ಆದರೆ ಟ್ಯಾಂಕ್ ಸಣ್ಣದು, ಬೆಲೆ ಜಾಸ್ತಿ. ಮಳೆ ನೀರಿಗೆ ಇದು ಆಗಲ್ಲ.

ನೀರು ಎಳೆಯೋಕೆ ಬೇಕು ಅನ್ನೋದಾದ್ರೆ ಡ್ರಮ್ ಇರೋ, ಫ್ಲೋಟ್ ಇರೋ ಮಾಡೆಲ್ ಅಂತಲೇ ಕೇಳಿ. ಮನೆಬಳಕೆಯ 15–20 ಲೀಟರ್ ಡ್ರಮ್ ಮಾಡೆಲ್‌ಗಳು ಕಂಪನಿ ನೋಡಿಕೊಂಡು ಸುಮಾರು ನಾಲ್ಕೈದು ಸಾವಿರ ರೂಪಾಯಿಯಿಂದ ಶುರುವಾಗುತ್ತವೆ.

ಮಳೆ ನೀರಿನ ಲೆಕ್ಕ ಹಾಕಿ ನೋಡಿ

"ಮಳೆಗಾಲಕ್ಕೆ ಇರಲಿ" ಅಂತಲೇ ಅನೇಕರು ವೆಟ್ ಮಾಡೆಲ್ ತಗೊಳ್ತಾರೆ. ಅದು ಎಷ್ಟು ಕೆಲಸಕ್ಕೆ ಬರುತ್ತೆ?

ಹತ್ತಡಿ ಉದ್ದ, ಹತ್ತಡಿ ಅಗಲದ ಅಂಗಡಿ ಇಟ್ಕೊಳ್ಳಿ. ಒಂದು ಇಂಚು ನೀರು ನಿಂತಿದೆ. ಲೆಕ್ಕ ಹಾಕಿದ್ರೆ ಅದು ಸುಮಾರು 235 ಲೀಟರ್. 20 ಲೀಟರ್ ಡ್ರಮ್ ಅಂದ್ರೆ ಪೂರ್ತಿ 20 ಲೀಟರ್ ತುಂಬಲ್ಲ, ಫ್ಲೋಟ್ ಅದಕ್ಕೂ ಮುಂಚೆ ನಿಲ್ಲಿಸುತ್ತೆ. ಒಂದು ಸಲಕ್ಕೆ 12 ಲೀಟರ್ ಅಂತ ಹಿಡಿದ್ರೂ ಇಪ್ಪತ್ತು ಸಲ ಡ್ರಮ್ ಎತ್ತಿ ಚೆಲ್ಲಬೇಕು. ಇಂಚುಗಟ್ಟಲೆ ನೀರಿಗೆ ಬಕೆಟ್, ಮಗ್, ವೈಪರ್ರೇ ಬೇಗ. ಅಡಿಗಟ್ಟಲೆ ನೀರಿಗೆ ಪಂಪ್ ಬೇಕು. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ನೀರು ನುಗ್ಗಿದಾಗ ಜನರನ್ನು ದೋಣಿಯಲ್ಲಿ ಕರೆತರಬೇಕಾಯ್ತು. ಅಂಥ ಕಡೆ ಯಾವ ವ್ಯಾಕ್ಯೂಮ್ ಕ್ಲೀನರ್ ಕೂಡ ಲೆಕ್ಕಕ್ಕಿಲ್ಲ.

ವೆಟ್ ಮಷೀನ್ ಉಪಯೋಗಕ್ಕೆ ಬರೋದು ಆಮೇಲೆ. ನೀರೆಲ್ಲ ತಳ್ಳಿದ ಮೇಲೆ ಮೂಲೆಯಲ್ಲಿ, ರ‍್ಯಾಕ್ ಕೆಳಗೆ, ಟೈಲ್ಸ್ ಸಂದಿಯಲ್ಲಿ ಉಳಿಯೋ ನೀರು, ಕೆಸರು, ನೆಂದ ಕಾರ್ಪೆಟ್. ವೈಪರ್ ಅಲ್ಲಿಗೆ ಹೋಗಲ್ಲ. ಆ ತೇವ ಉಳಿದ್ರೆ ಪ್ಲೈವುಡ್ ಊದಿಕೊಳ್ಳುತ್ತೆ, ಕೆಳಗಿಟ್ಟ ಮಾಲಿಗೆ ಬೂಷ್ಟು ಹಿಡಿಯುತ್ತೆ. ಇದಕ್ಕೆ ಡ್ರಮ್ ಮಷೀನ್ ಅರ್ಧ ಗಂಟೆಯಲ್ಲಿ ಮಾಡೋ ಕೆಲಸವನ್ನು ಬಟ್ಟೆ ಹಿಂಡಿ ಹಿಂಡಿ ಮಾಡಿದ್ರೆ ಅರ್ಧ ದಿನ ಹೋಗುತ್ತೆ.

ನೀರು, ಕರೆಂಟ್ ಒಟ್ಟಿಗೆ: ಇಲ್ಲಿ ಆತುರ ಬೇಡ

2025ರ ಮೇ 19ರಂದು ಬಿಟಿಎಂ ಲೇಔಟ್ ಬಳಿಯ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟ್‌ನಲ್ಲಿ ನಿಂತಿದ್ದ ಮಳೆ ನೀರನ್ನು ಮೋಟಾರ್ ಇಟ್ಟು ಹೊರಹಾಕಲು ಹೋದಾಗ ಕರೆಂಟ್ ಹೊಡೆದು 63 ವರ್ಷದ ವ್ಯಕ್ತಿಯೊಬ್ಬರು, 12 ವರ್ಷದ ಬಾಲಕ ಮೃತಪಟ್ಟರು. ಅದು ವ್ಯಾಕ್ಯೂಮ್ ಕ್ಲೀನರ್ ಅಲ್ಲ, ಪಂಪ್. ಆದರೆ ನಿಂತ ನೀರಿನಲ್ಲಿ ಕಾಲಿಟ್ಟು ಕರೆಂಟಿನ ಸಾಮಾನು ಬಳಸೋ ಅಪಾಯ ಎರಡಕ್ಕೂ ಒಂದೇ.

ಮಷೀನ್ ಮೇಲೆ "ವೆಟ್" ಅಂತ ಇದ್ದ ಮಾತ್ರಕ್ಕೆ ಪ್ಲಗ್, ವೈರ್, ಎಕ್ಸ್‌ಟೆನ್ಷನ್ ಬಾಕ್ಸ್ ನೀರಿನಲ್ಲಿ ಇರಬಹುದು ಅಂತ ಅಲ್ಲ. ಡ್ರಮ್ ಒಳಗೆ ನೀರು ಇರಬಹುದು, ಅಷ್ಟೇ.

- ನೀರು ಸ್ವಿಚ್ ಬೋರ್ಡ್ ಅಥವಾ ಸಾಕೆಟ್ ಮಟ್ಟಕ್ಕೆ ಬಂದಿದ್ರೆ ಮಷೀನ್ ಮುಟ್ಟಬೇಡಿ. ಒಣಗಿದ ಜಾಗದಲ್ಲಿ ನಿಂತು ಮೈನ್ ಆಫ್ ಮಾಡಲು ಸಾಧ್ಯ ಇದ್ರೆ ಮಾತ್ರ ಮಾಡಿ. ಇಲ್ಲದಿದ್ರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.
- ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದ ಮೇಲೆ ಎಳೆಯಬೇಡಿ. ಮೇಜು ಅಥವಾ ಕೌಂಟರ್ ಮೇಲಿರಲಿ.
- ಅಂಗಡಿಯ ಮೀಟರ್ ಬೋರ್ಡ್‌ನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕರೆಂಟ್ ಸೋರಿದ ಕ್ಷಣಕ್ಕೆ ಲೈನ್ ಕತ್ತರಿಸೋದು ಇದೇ. ಸಾಮಾನ್ಯ ಎಂಸಿಬಿ ಆ ಕೆಲಸ ಮಾಡಲ್ಲ. ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.
- ಚಪ್ಪಲಿ ಹಾಕಿಕೊಂಡೇ ಕೆಲಸ ಮಾಡಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ.

ಜೋರು ಮಳೆ ಬಂದಾಗ ಕರೆಂಟ್ ಹೋಗೋದು ನಮ್ಮಲ್ಲಿ ಸಾಮಾನ್ಯ. ಮನೆಯ ಸಣ್ಣ ಯುಪಿಎಸ್ 1200 ವ್ಯಾಟ್ ಮಷೀನ್ ಎಳೆಯಲ್ಲ. ಹಾಗಾಗಿ ನೀರು ನುಗ್ಗಿದ ಹೊತ್ತಿಗೆ ಮಷೀನ್ ಇದ್ರೂ ಇಲ್ಲದ ಹಾಗೆ. ವೈಪರ್ ಮನೆಯಲ್ಲಿ ಇರಲೇಬೇಕು.

ಯಾವ ಅಂಗಡಿಗೆ ಯಾವುದು?

ಮೆಡಿಕಲ್ ಶಾಪ್, ಬಟ್ಟೆ ಅಂಗಡಿ, ಸ್ಟೇಷನರಿ, ಮೊಬೈಲ್ ಅಂಗಡಿ: ಇಲ್ಲಿ ಸಮಸ್ಯೆ ರ‍್ಯಾಕ್ ಮೇಲಿನ ಧೂಳು. ಉದ್ದ ಬ್ರಷ್, ಸಂದಿಗೆ ಹೋಗೋ ಮೂತಿ ಇರೋ ಡ್ರೈ ಮಷೀನ್ ಸಾಕು.

ಬೇಕರಿ, ಜ್ಯೂಸ್ ಅಂಗಡಿ, ದರ್ಶಿನಿ: ದಿನಾ ಏನಾದ್ರೂ ಚೆಲ್ಲುತ್ತೆ. ವೆಟ್ ಅಂಡ್ ಡ್ರೈ ಸರಿ. ಆದರೆ ಹಾಲು, ಸಾಂಬಾರ್ ಎಳೆದ ಡ್ರಮ್ಮನ್ನು ಅದೇ ರಾತ್ರಿ ತೊಳೆಯದಿದ್ರೆ ಬೆಳಿಗ್ಗೆ ಷಟರ್ ಎತ್ತಿದಾಗ ವಾಸನೆಗೆ ಗಿರಾಕಿ ಒಳಗೆ ಬರಲ್ಲ.

ಹಾರ್ಡ್‌ವೇರ್, ಪ್ಲೈವುಡ್, ಬಡಗಿ ಕೆಲಸ: ಮರದ ಚೂರು, ಮೊಳೆ, ಸಿಮೆಂಟ್ ಪುಡಿಗೆ ಸಣ್ಣ ಬ್ಯಾಗ್ ಸಾಲಲ್ಲ. ನೀರು ಎಳೆಯದಿದ್ರೂ ದೊಡ್ಡ ಡ್ರಮ್, ದಪ್ಪ ಪೈಪ್ ಇರೋ ವೆಟ್ ಅಂಡ್ ಡ್ರೈ ಮಾಡೆಲ್ಲೇ ಬಾಳಿಕೆ ಬರುತ್ತೆ.

ಕಾರ್, ಬೈಕ್ ವಾಷಿಂಗ್: ವೆಟ್ ಅಂಡ್ ಡ್ರೈ ಬಿಟ್ಟು ಬೇರೆ ಆಯ್ಕೆ ಇಲ್ಲ. ಮನೆಬಳಕೆ ಮಾಡೆಲ್ ಬೇಡ, ಕಮರ್ಷಿಯಲ್ ಮಾಡೆಲ್ ನೋಡಿ.

ಸಲೂನ್: ಕೂದಲಿಗೆ ಬ್ಯಾಗ್ ಇರೋ ಡ್ರೈ ಮಷೀನ್ ಸಾಕು. ತಲೆ ತೊಳೆಯೋ ವ್ಯವಸ್ಥೆ ಇದ್ರೆ ವೆಟ್ ಅಂಡ್ ಡ್ರೈ ಯೋಚಿಸಬಹುದು.

ಹಿಟ್ಟಿನ ಗಿರಣಿ: ಎರಡೂ ಬೇಡ. ನುಣ್ಣನೆ ಹಿಟ್ಟು ಫಿಲ್ಟರ್ ಕಟ್ಟಿಹಾಕುತ್ತೆ. ಗಾಳಿಯಲ್ಲಿ ತುಂಬಿದ ಹಿಟ್ಟಿಗೆ ಕಿಡಿ ತಾಗಿದ್ರೆ ಹೊತ್ತಿಕೊಳ್ಳುತ್ತೆ, ಸಾಮಾನ್ಯ ಮೋಟಾರ್‌ನಲ್ಲಿ ಕಿಡಿ ಬರೋದು ಸಹಜ.

ಅಪಾರ್ಟ್‌ಮೆಂಟ್: ಮನೆಗೊಂದು ವೆಟ್ ಮಷೀನ್ ಬದಲು ಸಂಘದಿಂದ ಒಂದು ದೊಡ್ಡದು ತಗೊಂಡು ವಾಚ್‌ಮನ್ ರೂಮಿನಲ್ಲಿ ಇಟ್ರೆ ಎಲ್ಲರಿಗೂ ಆಗುತ್ತೆ.

ಮನೆಗೆ: ಮೊದಲನೇ ಮಹಡಿ, ಟೈಲ್ಸ್ ನೆಲ, ಸೋಫಾ, ಹಾಸಿಗೆ ಇರೋ ಮನೆಗೆ ಡ್ರೈ. ಉಬ್ಬಸ, ಧೂಳಿನ ಅಲರ್ಜಿ ಇರೋರಿದ್ರೆ ಹೆಪಾ ಫಿಲ್ಟರ್ ಇರೋದು ನೋಡಿ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯೋದು ಅದರ ಸಾಮಾನ್ಯ ಅಳತೆ. ನೆಲಮಹಡಿ, ಸಂಪು ಉಕ್ಕೋ ಮನೆ, ಚಿಕ್ಕ ಮಕ್ಕಳಿರೋ ಮನೆಗೆ ವೆಟ್ ಅಂಡ್ ಡ್ರೈ ಉಪಯೋಗಕ್ಕೆ ಬರುತ್ತೆ. ಹಳೇ ಮನೆಗಳ ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ಗಟ್ಟಿ ಬ್ರಷ್ ಬೇಡ, ಗೀರು ಬೀಳುತ್ತೆ.

ವ್ಯಾಟ್ ನೋಡಿ ಮರುಳಾಗಬೇಡಿ

"ಇದು 1600 ವ್ಯಾಟ್ ಸಾರ್, ಅದು ಬರೀ 1000" ಅಂತ ಹೇಳ್ತಾರೆ. ವ್ಯಾಟ್ ಅಂದ್ರೆ ಮಷೀನ್ ತಿನ್ನೋ ಕರೆಂಟ್, ಎಳೆಯೋ ಶಕ್ತಿ ಅಲ್ಲ. ಯುರೋಪಿನಲ್ಲಿ 2014ರಿಂದ 1600 ವ್ಯಾಟ್, 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್‌ಗಿಂತ ಹೆಚ್ಚಿನ ಮನೆಬಳಕೆ ವ್ಯಾಕ್ಯೂಮ್ ಕ್ಲೀನರ್ ಮಾರಾಟಕ್ಕೆ ತರುವಂತಿಲ್ಲ ಅಂತ ನಿಯಮ ಮಾಡಿದ್ರು. ಆದರೂ ಅಲ್ಲಿನ ಮನೆಗಳು ಕ್ಲೀನ್ ಆಗ್ತಾನೇ ಇವೆ. ಡಬ್ಬದ ಮೇಲೆ ಕೆಪಿಎ ಅಂತ ಬರೆದಿರೋ ಎಳೆತದ ಅಂಕಿ ನೋಡಿ ಹೋಲಿಸಿ. ಜೊತೆಗೆ ವೈರ್ ಎಷ್ಟು ಮೀಟರ್, ಪೈಪ್ ಎಷ್ಟು ಉದ್ದ, ಬದಲಿ ಫಿಲ್ಟರ್ ಹತ್ತಿರದಲ್ಲಿ ಸಿಗುತ್ತಾ ಅಂತ ಕೇಳಿ.

1600 ವ್ಯಾಟ್ ಮಷೀನ್ ಸುಮಾರು 7 ಆಂಪ್ ಕರೆಂಟ್ ಎಳೆಯುತ್ತೆ. ಅದಕ್ಕೆ 16 ಆಂಪ್‌ನ ದೊಡ್ಡ ಸಾಕೆಟ್ ಬೇಕು. ಅಂಗಡಿಯಲ್ಲಿ ಬರೀ ಸಣ್ಣ 6 ಆಂಪ್ ಪಾಯಿಂಟ್ ಇದ್ರೆ ಮೊದಲು ವೈರಿಂಗ್ ಮಾಡಿಸಬೇಕು, ಆ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಕರೆಂಟ್ ಬಿಲ್ ಭಯ ಬೇಡ: 1200 ವ್ಯಾಟ್ ಮಷೀನನ್ನು ದಿನಕ್ಕೆ 15 ನಿಮಿಷ ಓಡಿಸಿದ್ರೆ ತಿಂಗಳಿಗೆ 9 ಯೂನಿಟ್ ಅಷ್ಟೇ.

ಬಿಲ್ ಯಾವ ಹೆಸರಿಗೆ?

ವ್ಯಾಕ್ಯೂಮ್ ಕ್ಲೀನರ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲಿ ಶೇ 28ರಿಂದ 18ಕ್ಕೆ ಇಳಿದಿದೆ. 5,900 ರೂಪಾಯಿ ಬಿಲ್ ಆದ್ರೆ ಅದರಲ್ಲಿ 900 ರೂಪಾಯಿ ತೆರಿಗೆ. ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿಗಳು ಅಂಗಡಿ ಬಳಕೆಗೆ ತಗೊಂಡ್ರೆ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಳ್ಳಿ, ಆ 900 ರೂಪಾಯಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇರೋರಿಗೆ ಇದು ಸಿಗಲ್ಲ.

ಇನ್ನೊಂದು ವಿಷಯ ವಾರಂಟಿ. ಮನೆಬಳಕೆ ಮಾಡೆಲನ್ನು ಅಂಗಡಿಯಲ್ಲಿ ಬಳಸಿದ್ರೆ ವಾರಂಟಿ ಅನ್ವಯ ಆಗಲ್ಲ ಅಂತ ಹಲವು ಕಂಪನಿಗಳ ಕಾರ್ಡ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಡ್ರೈ ಮಾಡೆಲ್‌ಗೆ ನೀರು ಹೋದ್ರೂ ಅಷ್ಟೇ. ದುಡ್ಡು ಕೊಡೋ ಮುಂಚೆ ಕಾರ್ಡ್ ಓದಿ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಅಂತ ಬರೆಸಿಕೊಳ್ಳಿ. ಮನೆಗೆ ತಗೊಂಡ ಮಷೀನ್ ಬಗ್ಗೆ ದೂರಿದ್ದು, ಅಂಗಡಿಯವರು ಸ್ಪಂದಿಸದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಯಾವುದರಲ್ಲೂ ಇವನ್ನು ಎಳೆಯಬೇಡಿ

- ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್. "ವೆಟ್" ಅಂದ್ರೆ ನೀರು ಮಾತ್ರ. ಇವುಗಳ ಆವಿಗೆ ಬೆಂಕಿ ಹತ್ತುತ್ತೆ.
- ಊದುಬತ್ತಿ, ಧೂಪ, ಪಟಾಕಿಯ ಬಿಸಿ ಬೂದಿ. ಮೇಲೆ ಆರಿದ ಹಾಗೆ ಕಂಡ್ರೂ ಒಳಗೆ ಕೆಂಡ ಇರುತ್ತೆ, ಗಾಳಿ ಸಿಕ್ಕಿದ್ರೆ ಬ್ಯಾಗ್ ಹೊತ್ತಿಕೊಳ್ಳುತ್ತೆ.
- ಜೆರಾಕ್ಸ್ ಅಂಗಡಿಯ ಟೋನರ್ ಪುಡಿ. ಸಾಮಾನ್ಯ ಫಿಲ್ಟರ್ ದಾಟಿ ಹೋಗುವಷ್ಟು ಸಣ್ಣ.
- ಆಯುಧಪೂಜೆ ದಿನ ಒಡೆದ ಕುಂಬಳಕಾಯಿ, ಒದ್ದೆ ಕುಂಕುಮ, ರಂಗೋಲಿ ಪುಡಿ. ಅಪಾಯ ಇಲ್ಲ, ಆದರೆ ಫಿಲ್ಟರ್ ಕಟ್ಟಿಕೊಂಡು ಹಾಳಾಗುತ್ತೆ. ಇದಕ್ಕೆ ಪೊರಕೆಯೇ ಸರಿ.

ಕೊನೆಗೆ ಇಷ್ಟು ಕೇಳ್ಕೊಳ್ಳಿ

ಕಳೆದ ಒಂದು ತಿಂಗಳಲ್ಲಿ ನಿಮ್ಮ ನೆಲದಿಂದ ಏನನ್ನು ಎತ್ತಿದ್ರಿ? ಧೂಳು, ಕೂದಲು, ಕಾಗದ ಅಷ್ಟೇ ಆದ್ರೆ ಡ್ರೈ ತಗೊಳ್ಳಿ, ಉಳಿದ ದುಡ್ಡಲ್ಲಿ ಆರ್‌ಸಿಸಿಬಿ ಹಾಕಿಸಿ. ವಾರಕ್ಕೆ ಒಂದೆರಡು ಸಲ ನೀರು, ಹಾಲು, ಕೆಸರು ಎತ್ತಿದ್ರೆ ಅಥವಾ ಪ್ರತಿ ಮಳೆಗಾಲ ನೀರು ಒಳಗೆ ಬರೋ ಜಾಗ ಆದ್ರೆ ವೆಟ್ ಅಂಡ್ ಡ್ರೈ ತಗೊಳ್ಳಿ, ಜೊತೆಗೆ ಎರಡು ಫಿಲ್ಟರ್ ಹೆಚ್ಚಿಗೆ ಇಟ್ಕೊಳ್ಳಿ. ಮನೆಯಲ್ಲಿ ಈಗಾಗಲೇ ಡ್ರೈ ಮಷೀನ್ ಇರೋರು ಅದರ ಮೇಲೆ "ನೀರಿಗೆ ಬಳಸಬೇಡಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಮಷೀನ್ ಓಡಿಸೋರು ಎಷ್ಟೋ ಸಲ ಮಾಲೀಕರಲ್ಲ, ಮನೆಗೆಲಸದವರು ಅಥವಾ ಅಂಗಡಿಯ ಹುಡುಗರು. ಅಪಾಯ ಮೊದಲು ಬರೋದು ಅವರಿಗೇ.